ಆಳಿಲ್ಲದ ಕೋಣೆಯ ಕರೆಂಟು

ಏಪ್ರಿಲ್ ಹನ್ನೆರಡರಂದು ನಮ್ಮೂರಿನಲ್ಲಿ ಸೂರ್ಯ ಹುಟ್ಟಿದ್ದು ಬೆಳಿಗ್ಗೆ ಏಳು ಗಂಟೆ ನಲವತ್ತೆರಡು ನಿಮಿಷಕ್ಕೆ. ಪಂಚಾಂಗದ ಪ್ರಕಾರ ಹುಟ್ಟಬೇಕಾದದ್ದು ಆರು ಗಂಟೆ ಆರು ನಿಮಿಷಕ್ಕೆ. ತೊಂಬತ್ತಾರು ನಿಮಿಷ ತಡ. ಹಿಂದಿನ ದಿನ ನಲವತ್ತೆಂಟು ನಿಮಿಷ ತಡವಾಗಿತ್ತು. ನೀರಿನ ಟ್ಯಾಂಕಿನ ಮೇಲೆ ನಿಂತು ನಾನೇ ಗಡಿಯಾರ ನೋಡಿ ಬರೆದುಕೊಂಡದ್ದು. ಊರಿನ ದಿನಪತ್ರಿಕೆಯ ಮೂರನೆಯ ಪುಟದ ಮೂಲೆಯಲ್ಲಿ ‘ನಿನ್ನೆಯ ಸೂರ್ಯೋದಯ’ ಎಂದು ಒಂದು ಸಾಲು ಬರುತ್ತಿತ್ತು. ಹದಿನಾಲ್ಕು ವರ್ಷಗಳಿಂದ ಅದನ್ನು ಬರೆಯುತ್ತಿದ್ದವನು ನಾನು. ಸಭೆ, ಅಪಘಾತ, ಕಳ್ಳತನ ಎಲ್ಲವನ್ನೂ ವರದಿ ಮಾಡುತ್ತಿದ್ದೆ, ಆದರೆ ಜನ ಪತ್ರಿಕೆ ಬಿಡಿಸಿದೊಡನೆ ನೋಡುತ್ತಿದ್ದದ್ದು ಆ ಸಾಲನ್ನೇ.

ಆಳಿಲ್ಲದ ಕೋಣೆಯಲ್ಲಿ ಒಂದು ಗಂಟೆ ಕರೆಂಟು ಉರಿದರೆ ಬೆಳಗು ಒಂದು ನಿಮಿಷ ತಡ. ನಮ್ಮೂರಿನ ಲೆಕ್ಕ ಅಷ್ಟೇ. ಒಂದು ಬಲ್ಬಿರಲಿ, ಹತ್ತು ಫ್ಯಾನಿರಲಿ, ಲೆಕ್ಕ ಕೋಣೆಗೆ. ಸಂಜೆ ಮಾತ್ರ ತನ್ನ ಹೊತ್ತಿಗೇ ಬರುತ್ತಿತ್ತು. ಬೆಳಿಗ್ಗೆ ಹೋದ ನಿಮಿಷಗಳು ಯಾರಿಗೂ ವಾಪಸು ಸಿಗುತ್ತಿರಲಿಲ್ಲ. ಹಾಗಾಗಿ ಮನೆ ಬಿಡುವಾಗ ಕೊನೆಯವರು ಹಿಮ್ಮುಖವಾಗಿ ನಡೆದು, ಒಂದೊಂದು ಸ್ವಿಚ್ಚನ್ನೂ ಮುಟ್ಟಿ ನೋಡಿ ಹೊರಬರುತ್ತಿದ್ದರು. ಹೆಣ್ಣು ನೋಡಲು ಹೋದವರು ಹುಡುಗಿಯನ್ನು ಒಂದು ನೆವ ಹೇಳಿ ಒಳಕೋಣೆಗೆ ಕಳಿಸಿ, ಬರುವಾಗ ದೀಪ ಆರಿಸಿದಳೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದರು. ಕರೆಂಟು ಇರಲೇಬೇಕಾದ ಕಡೆ ಒಬ್ಬ ಆಳನ್ನು ಕೂರಿಸುತ್ತಿದ್ದರು. ಇವರಿಗೆ ಕೂರಾಳು ಎಂದು ಹೆಸರು. ಬ್ಯಾಂಕಿನ ಹಣದ ಯಂತ್ರದ ಗೂಡಿನಲ್ಲಿ ಒಬ್ಬ, ಔಷಧಿ ಅಂಗಡಿಯ ಫ್ರಿಜ್ಜಿನ ಪಕ್ಕ ಒಬ್ಬ. ಕೂರಾಳು ನಿದ್ದೆ ಮಾಡಿದರೂ ನಡೆಯುತ್ತಿತ್ತು. ಆಳಿನ ಬದಲು ಎಮ್ಮೆ ಕಟ್ಟಿದರೆ ನಡೆಯುತ್ತಿರಲಿಲ್ಲ. ಔಷಧಿ ಅಂಗಡಿಯವನು ಒಮ್ಮೆ ಕಟ್ಟಿ ನೋಡಿದ್ದ.

ತೊಂಬತ್ತಾರು ನಿಮಿಷ ಎಂದರೆ ನಾಲ್ಕು ಕೋಣೆ, ಇಪ್ಪತ್ನಾಲ್ಕು ಗಂಟೆ. ಟ್ಯಾಂಕಿನ ಮೆಟ್ಟಿಲು ಇಳಿಯುವಷ್ಟರಲ್ಲಿ ನನಗೆ ಜಾಗ ಹೊಳೆಯಿತು. ಎರಡು ದಿನದ ಹಿಂದೆ ಸರಕಾರಿ ಹೈಸ್ಕೂಲಿಗೆ ಬೇಸಿಗೆ ರಜೆ ಕೊಟ್ಟಿದ್ದರು. ಹೋಗಿ ಹಿಂಬದಿಯ ಗೋಡೆ ಹತ್ತಿ ನೋಡಿದೆ. ವಾಚನಾಲಯದಲ್ಲಿ ಟ್ಯೂಬ್‌ಲೈಟು ಉರಿಯುತ್ತಿತ್ತು. ಪ್ರಯೋಗಶಾಲೆಯಲ್ಲಿ ಫ್ಯಾನು, ಆಫೀಸಿನಲ್ಲೂ ಫ್ಯಾನು. ಕಂಪ್ಯೂಟರ್ ಕೋಣೆಯ ಹೊರಗೋಡೆಗೆ ಬಿಗಿದ ಎಸಿ ಯಂತ್ರ ಗುರುಗುಟ್ಟುತ್ತ ನೀರು ತೊಟ್ಟಿಕ್ಕುತ್ತಿತ್ತು.

ಆದದ್ದು ಇಷ್ಟು. ಪರೀಕ್ಷೆಯ ಕಡೆಯ ದಿನ ಶಾಲೆಗೆ ಬೀಗ ಹಾಕುವಾಗ ಊರಲ್ಲೇ ಕರೆಂಟು ಇರಲಿಲ್ಲ. ಎಲ್ಲವೂ ಆರಿದ ಹಾಗೆಯೇ ಕಂಡಿತು. ಮಕ್ಕಳು ಸ್ವಿಚ್ಚು ಒತ್ತಿ ಆಡುತ್ತಾರೆಂದು ಹಿಂದಿನ ವರ್ಷ ಎಲ್ಲ ಬೋರ್ಡುಗಳ ಮೇಲೂ ಕಬ್ಬಿಣದ ಪೆಟ್ಟಿಗೆ ಕೂರಿಸಿ ಬೀಗ ಜಡಿದಿದ್ದರು. ಆ ಬೀಗದ ಕೈಗಳು ಹೆಡ್‌ಮಾಸ್ತರರ ಗೊಂಚಲಿನಲ್ಲಿದ್ದವು. ಅವರು ಅಂದೇ ಮಧ್ಯಾಹ್ನದ ಬಸ್ಸಿಗೆ ಹೆಂಡತಿಯ ಜೊತೆ ಉತ್ತರದ ಯಾತ್ರೆಗೆ ಹೊರಟರು. ಫೋನು ಸತ್ತಿತ್ತು. ಸಂಜೆ ಆರಕ್ಕೆ ಕರೆಂಟು ಬಂತು.

ಮೂರನೆಯ ದಿನ ಇಟ್ಟಿಗೆ ಭಟ್ಟಿಯ ಕೆಲಸದ ಹೆಂಗಸರು ಪುರಸಭೆಯ ಮುಂದೆ ಬಂದು ಕೂತರು. ತಂಪು ಹೊತ್ತಿನಲ್ಲೇ ಮಣ್ಣು ತುಳಿದು ಇಟ್ಟಿಗೆ ಕೊಯ್ದು ಮುಗಿಸುವವರು ಅವರು. ಈಗ ಕತ್ತಲು ಹರಿಯುವಷ್ಟರಲ್ಲಿ ಭಟ್ಟಿಯ ಮಾಲೀಕ ಬೈಯಲು ಬಂದು ನಿಂತಿರುತ್ತಿದ್ದ. ಅವರ ಹಿಂದೆ ಹಾಲಿನವರು ಬಂದರು, ಹೂವಿನವರು ಬಂದರು. ಶಾಲಾ ಸಮಿತಿಯ ಅಧ್ಯಕ್ಷ ಹಾಲಭಾವಿ ಮೆಟ್ಟಿಲ ಮೇಲೆ ನಿಂತು ಎರಡೂ ಕೈ ಎತ್ತಿದರು.

“ಪೆಟಗಿ ಒಡದ ಬಿಡ್ರಿ ಅಂತೀರಿ. ಒಡೀಲಿಕ್ಕೆ ಅದೇನು ನಮ್ಮಪ್ಪನ ಪೆಟಗಿ ಏನ್ರಪ? ಸರಕಾರದ್ದು. ಹೆಡ್‌ಮಾಸ್ತರು ಬರೂತನಕ ಅದನ್ನ ಮುಟ್ಟಂಗಿಲ್ಲ.”

“ಕಂಬದ ಮ್ಯಾಲಿಂದ ತಂತಿ ಕಿತ್ತಿಸ್ರಿ,” ಎಂದ ಹಾಲಿನವನೊಬ್ಬ.

“ಕಿತ್ತಿಸ್ತೀನಿ. ನೀರಿನ ಪಂಪೂ ಅದೇ ತಂತಿಮ್ಯಾಲೆ ಅದ. ನಾಳೆ ಕೊಡ ಹಿಡಕೊಂಡು ನಿನ್ನ ಮನೀಗೆ ಬರ್ಲಿ ಊರ ಮಂದಿ?”

ಅಧ್ಯಕ್ಷರು ಪರಿಹಾರ ಹೇಳಿದರು: ನಾಲ್ಕು ಕೋಣೆಗೂ ಕೂರಾಳು. ಹಗಲಿಗೆ ನಾಲ್ವರು, ರಾತ್ರಿಗೆ ನಾಲ್ವರು. ಕೋಣೆಗಳ ಬಾಗಿಲಿನ ಕೀಲಿಕೈ ಕಾವಲುಗಾರ ಮಾಬೂಸಾಬನ ಬಳಿ ಇದ್ದೇ ಇತ್ತು. ಒಂದು ಸ್ವಿಚ್ಚು ಒತ್ತುವ ಕೆಲಸಕ್ಕೆ ಎಂಟು ಜನ. ಯಾರೂ ನಗಲಿಲ್ಲ. ನಮ್ಮೂರಿನ ಮಟ್ಟಿಗೆ ಅದು ರೂಢಿಯ ಮಾತೇ ಆಗಿತ್ತು. ಭಟ್ಟಿಯವರು ಎದ್ದು ಸೀರೆ ಕೊಡವಿಕೊಂಡು ಹೋದರು. ನಾನು ‘ಸಮಸ್ಯೆ ಸುಖಾಂತ್ಯ’ ಎಂದು ಶೀರ್ಷಿಕೆ ಕೊಟ್ಟೆ.

ಆ ಎಂಟು ಜನರಲ್ಲಿ ನನ್ನ ಅಕ್ಕ ಕಸ್ತೂರೆವ್ವನೂ ಇದ್ದಳು. ಗಂಡ ತೀರಿಕೊಂಡ ಮೇಲೆ ನನ್ನ ಮನೆಯ ಮುಂಗೋಣೆಯಲ್ಲಿದ್ದಳು. ಅದೇ ಹೈಸ್ಕೂಲಿನಲ್ಲಿ ಬಿಸಿಯೂಟದ ಅಡುಗೆ ಅವಳದು. ರಜೆಯಲ್ಲಿ ಕೆಲಸ ಇರುತ್ತಿರಲಿಲ್ಲ, ಮತ್ತೆ ಜೂನಿನಲ್ಲಿ ಯಾರ ಕೈಗೆ ಸೌಟು ಎಂಬುದನ್ನು ಅಧ್ಯಕ್ಷರೇ ಪ್ರತಿವರ್ಷ ತೀರ್ಮಾನಿಸುತ್ತಿದ್ದರು. ಕೂರಾಳು ಬೇಕೆಂದು ಅವರು ಹೇಳಿ ಕಳಿಸಿದಾಗ ಅಕ್ಕ ಹೂಂ ಅಂದಳು. ಅವಳ ಪಾಲಿಗೆ ಬಂದದ್ದು ಕಂಪ್ಯೂಟರ್ ಕೋಣೆ, ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು. ಆ ಎಸಿಯನ್ನು ಯಾರೋ ಹದಿನೆಂಟು ಡಿಗ್ರಿಗೆ ಇಟ್ಟು, ಅದರ ರಿಮೋಟನ್ನು ಹೆಡ್‌ಮಾಸ್ತರರ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ಅಕ್ಕನಿಗೆ ಚಿಕ್ಕಂದಿನಿಂದ ಉಬ್ಬಸ.

“ಬ್ಯಾಡ ಅಂತ ಹೇಳು. ಬ್ಯಾರೆ ಖೋಲಿ ಕೊಡಂತ ಕೇಳು,” ಎಂದೆ.

“ಕೇಳಿದ್ನಿ. ‘ಏನವಾ, ನಿನಗ ಎಸಿ ಖೋಲಿ ಕೊಟ್ಟರ ಬ್ಯಾಡ ಅಂತೀಯಲ್ಲ, ನಮ್ಮ ಮನ್ಯಾಗೂ ಎಸಿ ಇಲ್ಲ’ ಅಂದ್ರು. ಮಂದಿ ನಕ್ಕರು. ನಾನೂ ನಕ್ಕು ಬಂದೆ.” ಅವಳು ಕಂಬಳಿ ಮಡಿಚುತ್ತಿದ್ದಳು. “ಭೂಮಿಮ್ಯಾಲೆ ಬ್ಯಾಸಿಗ್ಯಾಗ ಕಂಬಳಿ ಹೊತ್ತಾಕಿ ನಾ ಒಬ್ಬಾಕಿನ ಇರಬೇಕು. ನಿಮ್ಮ ಪೇಪರಿನ್ಯಾಗ ಹಾಕು.”

ಕೂರಾಳುಗಳು ಕೂತ ಮರುದಿನದಿಂದ ಸೂರ್ಯ ಪಂಚಾಂಗದ ಹೊತ್ತಿಗೇ ಹುಟ್ಟಿದ. ಏಪ್ರಿಲ್ ಕೊನೆಯವರೆಗೆ ಒಂದು ನಿಮಿಷವೂ ಹೆಚ್ಚುಕಡಿಮೆ ಇಲ್ಲ. ಜನ ಶಾಲೆಯ ಮಾತನ್ನೇ ಬಿಟ್ಟರು. ಅಕ್ಕ ದಿನವೂ ಎಂಟೂವರೆಗೆ ಮನೆಗೆ ಬಂದು, ಹಿತ್ತಲಿನ ಬಂಡೆಯ ಮೇಲೆ ಬಿಸಿಲಿಗೆ ಬೆನ್ನು ಮಾಡಿ ಕೂರುತ್ತಿದ್ದಳು. ಒಂದು ಗಂಟೆ ಕೂತ ಮೇಲೆ ಮಾತಾಡಲು ಬರುತ್ತಿತ್ತು. ಅದಕ್ಕೆ ಮೊದಲು ಏನು ಕೇಳಿದರೂ ಕೈ ಅಲ್ಲಾಡಿಸುತ್ತಿದ್ದಳು.

ಮೇ ಐದರಂದು ಸೂರ್ಯ ಒಂದು ನಿಮಿಷ ತಡವಾಗಿ ಹುಟ್ಟಿದ. ಆರು ಗಂಟೆಗೆ ಹುಟ್ಟಬೇಕಾದವನು ಆರು ಗಂಟೆ ಒಂದು ನಿಮಿಷಕ್ಕೆ. ನಾನು ಹಾಗೆಯೇ ಬರೆದೆ, ಹಾಗೆಯೇ ಅಚ್ಚಾಯಿತು. ಒಂದು ನಿಮಿಷವಲ್ಲವೇ ಎಂದು ಬಿಡುವ ಅಭ್ಯಾಸ ನನಗಿರಲಿಲ್ಲ. ಇಡೀ ಊರಿನಲ್ಲಿ ಅದನ್ನು ಗಮನಿಸಬಲ್ಲವನು ನಾನೊಬ್ಬನೇ ಎಂಬ ಸಣ್ಣ ಹೆಮ್ಮೆಯೂ ಇದ್ದಿರಬೇಕು. ಪತ್ರಿಕೆ ಬಂದ ಬೆಳಿಗ್ಗೆ ಅಕ್ಕ ಆ ಪುಟವನ್ನು ಮಡಿಚಿಕೊಂಡು ನನ್ನ ಮೇಜಿನ ಹತ್ತಿರ ಬಂದಳು.

“ತಮ್ಮಾ, ಈ ಒಂದು ನಿಮಿಷ ನಂದು.”

ನನಗೆ ತಿಳಿಯಲಿಲ್ಲ.

“ಎದಿ ಹಿಡಕೊಂಡಿತ್ತು. ಹೊರಗ ಪಡಸಾಲ್ಯಾಗ ಬೆಚ್ಚಗಿತ್ತು. ಒಂದು ತಾಸು ಕುಂತೆ. ಮಾಬೂಸಾಬ ಚಾ ಕೊಟ್ಟ. ಅಷ್ಟ.” ಅವಳು ಪುಟವನ್ನು ಮೇಜಿನ ಮೇಲಿಟ್ಟಳು. “ಯಾರಿಗೂ ಗೊತ್ತಾಗಂಗಿಲ್ಲ ಅನ್ಕೊಂಡಿದ್ನಿ. ಒಂದು ನಿಮಿಷನೂ ಬಿಡೂದಿಲ್ಲೇನೋ ನೀ?”

“ಇದ್ದದ್ದು ಬರೀಬೇಕಕ್ಕ. ಹೆಸರು ಬರದಿಲ್ಲಲ್ಲ ನಾ.”

“ಹೆಸರು ಯಾಕ ಬೇಕು? ನಾಲ್ಕು ಖೋಲಿ ಅದಾವ, ನಾಲ್ಕು ಮಂದಿ ಅದೀವಿ.”

ಅಧ್ಯಕ್ಷ ಹಾಲಭಾವಿಯವರೂ ಪತ್ರಿಕೆ ಓದುತ್ತಿದ್ದರು. ಅದೇ ಸಂಜೆ ಆದೇಶವಾಯಿತು: ಕೂರಾಳು ಒಳಗೆ ಹೋದ ಮೇಲೆ ಹೊರಗಿನಿಂದ ಬೀಗ ಹಾಕತಕ್ಕದ್ದು, ಪಾಳಿ ಮುಗಿದ ಮೇಲೆಯೇ ತೆಗೆಯತಕ್ಕದ್ದು. ಒಳಗೆ ಒಂದು ಬಕೆಟ್ಟು, ಒಂದು ಕೊಡ ನೀರು ಇಡತಕ್ಕದ್ದು. ಅದನ್ನೂ ವರದಿ ಮಾಡಿದೆ. ‘ಶಿಸ್ತು ಕ್ರಮ’ ಎಂಬ ಪದ ಅಧ್ಯಕ್ಷರದು, ನಾನು ಉದ್ಧರಣ ಚಿಹ್ನೆಯೊಳಗೆ ಹಾಕಿದ್ದೆ.

ಬೀಗ ಬಿದ್ದ ನಾಲ್ಕನೆಯ ದಿನ ಅಕ್ಕನ ತುಟಿ ನೀಲಿಯಾಗಿದ್ದದ್ದನ್ನು ನಾನು ನೋಡಿದೆ. ಬಂಡೆಯ ಮೇಲೆ ಎರಡು ಗಂಟೆ ಕೂತರೂ ಮಾತು ಬರಲಿಲ್ಲ. ಹೋಗಬೇಡ ಎಂದೆ. ಮಧ್ಯಾಹ್ನದ ಹೊತ್ತಿಗೆ ದನಿ ಬಂದಾಗ ಹೇಳಿದಳು: “ಈಗ ಬಿಟ್ಟರ ಜೂನದಾಗ ಸೌಟು ಆ ಶಿರೋಳದವರ ಸೊಸಿಗೆ ಹೋಗ್ತದ. ಇನ್ನ ಮೂರು ವಾರ ಅಲ್ಲ? ಖೋಲಿ ಬ್ಯಾಡ, ಕುರ್ಚಿ ಬ್ಯಾಡ, ಆ ಗಾಳಿ ಒಂದು ಆರಿಸೂಹಂಗ ಮಾಡು. ನೀ ಪೇಪರಿನಾಂವ. ನೀ ಹೇಳಿದ್ರ ಕೇಳ್ತಾರ.”

ಕೇಳಲಿಲ್ಲ ಎಂದು ಹೇಳುವುದು ಸುಲಭ. ನಾನು ಏನೇನು ಮಾಡಿದೆ ಎಂಬುದನ್ನು ಇದ್ದ ಹಾಗೆ ಹೇಳುತ್ತೇನೆ. ಮೇ ಹನ್ನೊಂದರಂದು ಶಿಕ್ಷಣ ಇಲಾಖೆಯ ಕಚೇರಿಗೆ ಹೋದೆ. ಅಧೀಕ್ಷಕ ಹುಲ್ಲೂರರು ಸಭ್ಯರು. ನನ್ನನ್ನು ಕೂರಿಸಿ, ಎದ್ದು ಹೋಗಿ ಪಕ್ಕದ ಖಾಲಿ ಕೋಣೆಯ ದೀಪ ಆರಿಸಿ ಬಂದರು.

“ಮೋಟಗಿಯವರ, ನಿಮ್ಮ ಮಾತು ಖರೆ. ಮುಚ್ಚಿದ ಸಾಲ್ಯಾಗ ಕರೆಂಟು ಉರೀಬಾರದು. ಸುತ್ತೋಲೆ ಅದ.” ಕಡತದಿಂದ ತೆಗೆದು ತೋರಿಸಿದರು. ರಜೆಗೆ ಮೊದಲು ಎಲ್ಲ ಸ್ವಿಚ್ಚುಗಳನ್ನು ಆರಿಸಿ, ಆರಿಸಲಾಗಿದೆ ಎಂದು ಮುಖ್ಯೋಪಾಧ್ಯಾಯರು ಸಹಿ ಮಾಡಬೇಕೆಂದು ಅದರಲ್ಲಿತ್ತು. ಕೆಳಗೆ ನಮ್ಮ ಶಾಲೆಯ ಹೆಡ್‌ಮಾಸ್ತರರ ಸಹಿಯೂ ಇತ್ತು. ತಾರೀಖು ಏಪ್ರಿಲ್ ಹತ್ತು. “ನೋಡ್ರಿ, ಕಾಗದದ ಮ್ಯಾಲೆ ಆ ಸಾಲ್ಯಾಗ ಎಲ್ಲಾ ಆರೇದ. ಆರಿದ್ದನ್ನ ಆರಸ್ರಿ ಅಂತ ನಾ ಹೆಂಗ ಆರ್ಡರ್ ಕೊಡ್ಲಿ?”

“ಪೆಟಗಿ ಒಡೀಲಿಕ್ಕೆ ಬಾಯಿಮಾತಿನ್ಯಾಗ ಹೇಳ್ರಿ.”

“ಬಾಯಿಮಾತು ಅಂದ್ರ ನಾಳೆ ಪೇಪರಿನ್ಯಾಗ ನೀವ ಬರೀತೀರಿ, ‘ಅಧಿಕಾರಿಯಿಂದ ಸರಕಾರಿ ಸ್ವತ್ತು ಧ್ವಂಸ’ ಅಂತ,” ಎಂದು ನಕ್ಕರು. ಅವರು ಹೇಳಿದ್ದು ತಪ್ಪಲ್ಲ. ನಾನು ಬರೆಯುತ್ತಿದ್ದೆ.

ಆಮೇಲೆ ಹಾಲಭಾವಿಯವರ ಮನೆಗೆ ಹೋದೆ. ಅವರು ತೂಗುಮಂಚದ ಮೇಲೆ ಕೂತಿದ್ದರು. “ನಿಮ್ಮ ಅಕ್ಕ ಅಂತ ಬ್ಯಾರೆ ನಿಯಮ ಮಾಡಿದ್ರ ಉಳಿದ ಏಳು ಮಂದಿ ಏನಂತಾರ? ನೀವ ಹೇಳ್ರಿ, ನ್ಯಾಯ ಬಲ್ಲವರು.”

“ಆಕೀಗೆ ಉಬ್ಬಸ ಅದ.”

“ನನಗ ಶುಗರ್ ಅದ. ಸಮಿತಿಗೆ ಹೋಗೂದು ಬಿಟ್ಟೇನೇನು?” ಮಂಚ ಒಂದು ಸುತ್ತು ತೂಗಿತು. “ಮತ್ತ ಒಂದು ಮಾತು. ಆ ಒಂದು ನಿಮಿಷದ ಸುದ್ದಿ ನೀವ ಹಾಕಿದ್ರಿ. ಹಾಕಿದ್ದು ಚಲೋ ಆತು. ಇಲ್ಲಾಂದ್ರ ಗೊತ್ತ ಆಗ್ತಿದ್ದಿಲ್ಲ ನಮಗ.”

ಅಂದೇ ಕೂತು ಒಂದು ವರದಿ ಬರೆದೆ: ಬೀಗ ಹಾಕಿದ ಶಾಲೆ, ಯಾರಿಗೂ ಬೇಡದ ತಂಪು, ಒಳಗೆ ಬೀಗದಲ್ಲಿ ಕೂತ ಉಬ್ಬಸದ ಹೆಂಗಸು. ಅವಳು ನನ್ನ ಅಕ್ಕ ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸಿದೆ, ಮುಚ್ಚಿಡುವುದು ಸರಿಯಲ್ಲವೆಂದು. ಸಂಪಾದಕರು ಓದಿ, ಚೆನ್ನಾಗಿದೆ ಅಂದರು. ಆದರೆ ಹೆಡ್‌ಮಾಸ್ತರರ ಮೇಲೆ ಆರೋಪವಿದೆ, ಅವರ ಹೇಳಿಕೆ ಇಲ್ಲ. ಇನ್ನೊಂದು ಪಕ್ಷದ ಮಾತಿಲ್ಲದೆ ಅಚ್ಚು ಮಾಡುವುದು ಹೇಗೆ? ನಾನು ವಾದ ಮಾಡಲಿಲ್ಲ. ಹೊಸದಾಗಿ ಬಂದ ವರದಿಗಾರರಿಗೆ ನಾನೇ ಈ ಪಾಠ ಹೇಳಿಕೊಡುತ್ತಿದ್ದೆ. ದಿನಕ್ಕೆ ಮೂರು ಸಲ ಹೆಡ್‌ಮಾಸ್ತರರಿಗೆ ಫೋನು ಮಾಡಿದೆ. ಒಂಬತ್ತು ದಿನ ಮಾಡಿದೆ. ಪ್ರತಿ ಸಲದ ಗಂಟೆ, ನಿಮಿಷವನ್ನು ಬರೆದಿಟ್ಟೆ. ವರದಿ ಸಂಪಾದಕರ ಡ್ರಾಯರಿನಲ್ಲಿ ಕೂತಿತ್ತು.

ಪೆಟ್ಟಿಗೆ ಒಡೆಯುವ ಯೋಚನೆ ಬರಲಿಲ್ಲವೇ ಎಂದು ಆಮೇಲೆ ಕೆಲವರು ಕೇಳಿದರು. ಬಂದಿತ್ತು. ಮನೆಯಲ್ಲಿ ಸುತ್ತಿಗೆ ಇತ್ತು. ಆ ಬೀಗ ಸಣ್ಣದು, ಎರಡೇ ಏಟಿಗೆ ಬೀಳುವಂಥದ್ದು. ಒಂದು ಸಂಜೆ ಸುತ್ತಿಗೆಯನ್ನು ಚೀಲದಲ್ಲಿಟ್ಟುಕೊಂಡು ಅಕ್ಕನ ಜೊತೆ ಶಾಲೆಯವರೆಗೂ ಹೋದೆ. ಕೋಣೆಯ ಬಾಗಿಲು ತೆರೆದಿತ್ತು, ಹಗಲಿನ ಕೂರಾಳು ಹೊರಗೆ ಬಂದು ಕೈ ಉಜ್ಜಿಕೊಳ್ಳುತ್ತಿದ್ದ. ಪೆಟ್ಟಿಗೆ ನನ್ನ ಎದೆಯ ಮಟ್ಟಕ್ಕಿತ್ತು. ಮಾಬೂಸಾಬ ನನ್ನ ಚೀಲ ನೋಡಿದ, ಆಮೇಲೆ ಮುಖ ತಿರುಗಿಸಿ ಬೇವಿನ ಮರ ನೋಡತೊಡಗಿದ. ಅವನು ತಡೆಯುತ್ತಿರಲಿಲ್ಲ. ಆದರೆ ಒಡೆದವನು ಮರುದಿನ ಸುದ್ದಿಯಾಗುತ್ತಾನೆ, ಸುದ್ದಿಯಾದವನು ಸುದ್ದಿ ಬರೆಯಲಾಗದು, ಬರೆದರೂ ಯಾರೂ ನಂಬರು ಎಂದು ಲೆಕ್ಕ ಹಾಕಿದೆ. ಡ್ರಾಯರಿನಲ್ಲಿದ್ದ ವರದಿಗೆ ಬೆಲೆ ಹೋಗುತ್ತದೆ ಎಂದೂ ಅನಿಸಿತು. ನಾಳೆ ನಾಡಿದ್ದರಲ್ಲಿ ಫೋನು ಸಿಗುತ್ತದೆ ಎಂದುಕೊಂಡೆ.

ಅಕ್ಕ ಎರಡು ಕಂಬಳಿ, ಒಂದು ಮಂಕಿಟೊಪ್ಪಿಗೆ ಹಾಕಿಕೊಂಡಿದ್ದಳು. ಹೊಸ್ತಿಲ ಮೇಲೆ ನಿಂತು ನನ್ನ ಚೀಲ ಮುಟ್ಟಿದಳು. “ಏನು ಭಾರದ್ದು ತಂದೀಯೋ?”

“ಏನಿಲ್ಲ.”

“ಏನಿಲ್ಲ ಅಂದ್ರ ಮನೀಗೆ ಒಯ್ಯಿ,” ಎಂದಳು. ಸಿಟ್ಟಿನಿಂದ ಅಂದದ್ದಲ್ಲ. “ಮಾಬೂಸಾಬ, ಹಾಕಪ್ಪ ನಿನ್ನ ಕೀಲಿ. ಕೋಳಿ ಗೂಡಿಗೆ ಹಾಕಿದಂಗ ಹಾಕು.”

“ಅಕ್ಕಾ, ನನಗ ಪಾಪ ಸುತ್ತತದ,” ಎಂದ ಮಾಬೂಸಾಬ.

“ನಿನಗ್ಯಾಕ? ನೀ ಏನು ನಿಮಿಷ ಎಣಸೀಯಾ?”

ಅದು ಮೇ ಹತ್ತೊಂಬತ್ತು. ಮರುದಿನ, ಮೇ ಇಪ್ಪತ್ತರಂದು, ಸೂರ್ಯ ಹುಟ್ಟಬೇಕಾದದ್ದು ಐದು ಗಂಟೆ ಐವತ್ತೆಂಟು ನಿಮಿಷಕ್ಕೆ. ನಾನು ಟ್ಯಾಂಕಿನ ಮೇಲಿದ್ದೆ. ಐವತ್ತೆಂಟಾಯಿತು, ಐವತ್ತೊಂಬತ್ತಾಯಿತು. ಪೂರ್ವದಲ್ಲಿ ಮಸಿಯೇ ಇತ್ತು. ಕೆಳಗೆ ಭಟ್ಟಿಗೆ ಹೊರಟ ಹೆಂಗಸರು ನಿಂತು ಮೇಲೆ ನನ್ನ ಕಡೆ ನೋಡಿದರು. ಸೂರ್ಯ ಹುಟ್ಟಿದ್ದು ಆರು ಗಂಟೆ ಎರಡು ನಿಮಿಷಕ್ಕೆ. ನಾಲ್ಕು ನಿಮಿಷ, ಅಂದರೆ ನಾಲ್ಕು ಗಂಟೆ. ರಾತ್ರಿ ಎರಡರಿಂದ ಯಾವುದೋ ಒಂದು ಕೋಣೆಯಲ್ಲಿ ಆಳಿರಲಿಲ್ಲ. ನನಗೆ ಸಿಟ್ಟು ಬಂತು. ಬೀಗ ಇದ್ದೂ ಯಾರೋ ಮಾಬೂಸಾಬನನ್ನು ಕಾಡಿಸಿ ಹೊರಗೆ ಹೋಗಿದ್ದಾರೆ, ಇದರ ಫಲ ಅಕ್ಕನ ತಲೆಗೂ ಬರುತ್ತದೆ ಎಂದುಕೊಂಡೆ. ಟ್ಯಾಂಕಿನ ಮೇಲೆಯೇ ನೋಟ್‌ಬುಕ್ಕಿನಲ್ಲಿ ಬರೆದೆ: ‘6.02. ನಾಲ್ಕು ನಿಮಿಷ ತಡ. ಕೂರಾಳೊಬ್ಬರ ಗೈರುಹಾಜರಿ.’ ಆ ಪುಟ ಇನ್ನೂ ನನ್ನ ಬಳಿ ಇದೆ.

ನೇರ ಶಾಲೆಗೆ ಹೋದೆ. ಮಾಬೂಸಾಬ ಗೇಟಿನ ಹತ್ತಿರ ಹಲ್ಲುಜ್ಜುತ್ತಿದ್ದ.

“ಯಾರನ್ನ ಬಿಟ್ಟಿ?” ಎಂದೆ.

“ಯಾರ್ನೂ ಇಲ್ಲರಿ. ಅಲ್ಲಾನ ಆಣಿ, ಒಂದ ಬಾಗಿಲಾನೂ ತಗದಿಲ್ಲ.”

“ನಾಲ್ಕು ನಿಮಿಷ ತಡ ಆಗೇದ. ತಗಿ ಎಲ್ಲಾ.”

ವಾಚನಾಲಯದ ಮುದುಕ ಎರಡು ಬೆಂಚು ಜೋಡಿಸಿಕೊಂಡು ಗೊರಕೆ ಹೊಡೆಯುತ್ತಿದ್ದ. ಪ್ರಯೋಗಶಾಲೆಯವಳು ಎದ್ದು ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಆಫೀಸಿನವನು, “ಪಾಳಿ ಮುಗೀತೇನ್ರಿ?” ಎಂದ. ಮೂವರನ್ನೂ ಎಣಿಸಿದ ಮೇಲೆ ಮಾಬೂಸಾಬನ ಕೈ ನಿಂತಿತು. ಕೀಲಿಕೈ ನನಗೆ ಕೊಟ್ಟ. ನಾನೇ ತೆಗೆದೆ.

ಬಾಗಿಲು ಪೂರ್ತಿ ತೆರೆಯಲಿಲ್ಲ. ಅಕ್ಕ ಬಾಗಿಲಿಗೆ ಒರಗಿ ನೆಲದ ಮೇಲೆ ಇದ್ದಳು. ಬಾಗಿಲ ಕೆಳಗಿನ ಸಂದಿಯಿಂದ ಹೊರಗಿನ ಸೆಕೆ ಒಂದಿಷ್ಟು ಒಳಗೆ ಬರುತ್ತಿತ್ತು. ಮುಖವನ್ನು ಅಲ್ಲಿಗೆ ಇಟ್ಟಿದ್ದಳು. ಕಂಬಳಿಗಳು ದೂರದ ಕುರ್ಚಿಯ ಮೇಲೇ ಉಳಿದಿದ್ದವು. ಬಾಗಿಲಿಗೆ ಬಡಿದಳೋ ಇಲ್ಲವೋ ಗೊತ್ತಿಲ್ಲ. ಗೇಟಿನಿಂದ ಆ ಕೋಣೆಗೆ ನೂರಾ ಎಂಬತ್ತು ಹೆಜ್ಜೆ, ನಾನು ಆಮೇಲೆ ಅಳೆದೆ. ಎಸಿಯ ಸದ್ದಿನಲ್ಲಿ ಅಷ್ಟು ದೂರಕ್ಕೆ ಏನೂ ಕೇಳಿಸುವುದಿಲ್ಲ.

ವೈದ್ಯರು ಬಂದು, ತಾವು ನೋಡಿದ ಹೊತ್ತನ್ನೇ ಹಿಡಿದು, ಸಾವಿನ ಹೊತ್ತು ಆರೂವರೆ ಎಂದು ಬರೆದರು. ಕೋಣೆಯ ತಂಪಿಗೆ ಮೈ ಬೇಗ ಆರುತ್ತದೆ, ಇದಕ್ಕಿಂತ ಖಚಿತವಾಗಿ ಹೇಳಲಾಗದು ಎಂದರು. ಎರಡು ಗಂಟೆ ಎಂದು ನಾನು ಹೇಳಿದೆ. ಅದಕ್ಕೆ ಆಧಾರವೇನು ಎಂದು ಕೇಳಿದರು. ಹೊರಗೆ ಕೈ ತೋರಿಸಿದೆ. ಅವರು ಬೇರೆ ಊರಿನಿಂದ ವರ್ಗವಾಗಿ ಬಂದವರು, ಅರ್ಥವಾಗಲಿಲ್ಲ. ಚೀಟಿಯಲ್ಲಿ ಆರೂವರೆಯೇ ಉಳಿಯಿತು.

ಹಾಲಭಾವಿಯವರು ಮಣ್ಣಿಗೆ ಬಂದರು. ನನ್ನ ಹೆಗಲ ಮೇಲೆ ಕೈಯಿಟ್ಟು, “ಭಾಳ ನಿಯತ್ತಿನ ಹೆಣಮಗಳು. ಕಡೀತನಕ ಕುಂತಳು,” ಎಂದರು. ಆಮೇಲೆ ದನಿ ತಗ್ಗಿಸಿ ಪಕ್ಕದವರಿಗೆ, “ಇನ್ನ ಖೋಲಿಗೆ ಇಬ್ಬಿಬ್ಬರನ್ನ ಹಾಕ್ರಿ. ಒಬ್ಬರಿಗೆ ಏನರ ಆದ್ರ ಇನ್ನೊಬ್ಬರು ಇರ್ತಾರ, ಹೊತ್ತು ತಪ್ಪಂಗಿಲ್ಲ,” ಎಂದದ್ದು ನನಗೆ ಕೇಳಿಸಿತು. ಅಂದು ಸಂಜೆ ಎಂಟಕ್ಕೆ ಕಂಪ್ಯೂಟರ್ ಕೋಣೆಗೆ ಇಬ್ಬರು ಹೋದರು. ಅವರಲ್ಲೊಬ್ಬಳು ಶಿರೋಳದವರ ಸೊಸೆ.

ಮರುದಿನದ ಪತ್ರಿಕೆಯಲ್ಲಿ ‘ನಿನ್ನೆಯ ಸೂರ್ಯೋದಯ: 6.02’ ಎಂದು ಬಂತು. ಆ ಅಂಕಣದಲ್ಲಿ ಹೊತ್ತನ್ನಷ್ಟೇ ಕೊಡುವುದು, ಕಾರಣ ಕೊಡುವುದಿಲ್ಲ. ಡ್ರಾಯರಿನಲ್ಲಿದ್ದ ವರದಿಯನ್ನು ಸಂಪಾದಕರು ಹಾಕಲು ಒಪ್ಪಿದರು. ಈಗ ಅದರಲ್ಲಿ ಬಹಳ ತಿದ್ದಬೇಕಾಗಿತ್ತು. ನಾನು ವಾಪಸು ಪಡೆದೆ.

ಜೂನ್ ಒಂದರಂದು ಶಾಲೆ ತೆರೆಯಿತು. ಯಾತ್ರೆಯಿಂದ ಬಂದ ಹೆಡ್‌ಮಾಸ್ತರರು ಎಲ್ಲರಿಗೂ ಪ್ರಸಾದ ಹಂಚಿದರು. ಮೊದಲನೆಯ ಪಿರಿಯಡ್ಡಿಗೆ ಎಂಟನೆಯ ತರಗತಿಯನ್ನು ಕಂಪ್ಯೂಟರ್ ಕೋಣೆಗೆ ಕರೆದುಕೊಂಡು ಹೋದರು. ಮಕ್ಕಳಿಗೆ ಚಳಿಯಾಗುತ್ತದೆ ಎಂದು ಗೊಂಚಲಿನಿಂದ ಒಂದು ಸಣ್ಣ ಕೀಲಿಕೈ ಆರಿಸಿ, ಪೆಟ್ಟಿಗೆ ತೆಗೆದು, ಎಸಿ ಆರಿಸಿದರು.